ಮುದಿ ಕುರ್ಚಿಸಾಲಿನ ಭಾರಪರೀಕ್ಷೆ

ಆಬರ್ನ್ ಹಿಲ್ಸ್, ಮಿಷಿಗನ್
14 ಸೆಪ್ಟೆಂಬರ್ 2024

ಸ್ಕೋಕಿ ಸಂಸ್ಥಾನದ ಹಂಗಾಮಿ ಅಧಿಪತಿ, ಝೈನ್ ಮಹಾಶಯರ ನಾನಿ, ಮುಸರ್ರತ್ ಬೇಗಂ ಅವರ ಸನ್ನಿಧಿಗೆ,

ಸಲಾಂ. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಕ್ಷೇಮವಿಲ್ಲ ಎಂದು ಬರೆದರೆ ಸಿಕ್ಕ ರೈಲು ಹತ್ತಿಬಿಡುತ್ತೀಯ. ಅದಕ್ಕೇ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಿನಗೆ ಬೇಕಾದ್ದು ತುಂಬಿಕೊ.

ಮದುವೆಯಾಗಿ ಮೂವತ್ತಾರು ವರ್ಷವಾದ ಮೇಲೆ ಹೆಂಡತಿಗೆ ಮೊದಲ ಪತ್ರ ಬರೆಯುವ ಭಾಗ್ಯ ಎಷ್ಟು ಗಂಡಸರಿಗೆ ಸಿಕ್ಕೀತು? ಇದಕ್ಕಾಗಿ ನಮ್ಮ ಮಗಳು ದಾನಿಯಾಳಿಗೆ ನಾನು ಋಣಿ. ನಾನು ಫೋನಿನಲ್ಲಿ ‘ಹಲೋ’ ಎಂದರೆ ಸಾಕು, ಅವಳ ಎರಡು ತಿಂಗಳ ಕೂಸು ಝೈನ್ ಬೆಚ್ಚಿ ಏಳುತ್ತದಂತೆ. ‘ಅಬ್ಬಾ, ಯೂ ಶೌಟ್!’ ಎಂದು ನಿಷೇಧಾಜ್ಞೆ ಹೊರಡಿಸಿದಳು. ಹರಿಹರದ ಕಾರ್ಖಾನೆಯಲ್ಲಿ ಲೇತ್‌ಗಳ ನಡುವೆ ಪಳಗಿದ ಗಂಟಲು, ಆಮೇಲೆ ಇಲ್ಲಿ ಕಾರಿನ ಬ್ರೇಕು ಪರೀಕ್ಷಿಸುತ್ತ ನಿವೃತ್ತವಾದ ಗಂಟಲು. ಅದಕ್ಕೆ ವಾಲ್ಯೂಮಿನ ತಿರುಪನ್ನು ಯಾರೂ ಜೋಡಿಸಿಲ್ಲ. ಇನ್ನು ಭಾಷೆಯ ವಿಚಾರ. ಇಷ್ಟು ವರ್ಷ ಉರ್ದುವಿನಲ್ಲಿ ಜಗಳವಾಡಿದೆವು, ಆದರೆ ಇಬ್ಬರೂ ಓದಿದ್ದು ಕನ್ನಡ ಶಾಲೆ. ಆದ್ದರಿಂದ ಜಗಳ ಇಂದಿನಿಂದ ಕನ್ನಡದಲ್ಲಿ ಮುಂದುವರಿಯುತ್ತದೆ. ನೀನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ದಯವಿಟ್ಟು ಕೆಂಪು ಶಾಯಿಯ ಪೆನ್ನು ಕೆಳಗಿಡು.

ನೀನು ಮೊಮ್ಮಗನನ್ನು ನೋಡಿಕೊಳ್ಳಲು ಸ್ಕೋಕಿಗೆ ಹೊರಡುವಾಗ ಅಡುಗೆಮನೆಯಲ್ಲಿ ಮಾಡಿಕೊಂಡದ್ದನ್ನು ಮರೆಯಬಾರದೆಂದು ಇಲ್ಲಿ ಬರೆದಿಡುತ್ತೇನೆ. ಪಂದ್ಯ ಕಟ್ಟುವುದು ಹರಾಮ್, ಆದ್ದರಿಂದ ಒಪ್ಪಂದ ಎನ್ನೋಣ. ಮುಂದಿನ ತಿಂಗಳ ಕೊನೆಗೆ ನಮ್ಮ ಸ್ಕೀ ಗುಡ್ಡದಲ್ಲಿ ಜನರನ್ನು ಕುರ್ಚಿಯಲ್ಲಿ ಮೇಲೇರಿಸುವ ಹಳೆಯ ಚೇರ್‌ಲಿಫ್ಟಿಗೆ ಏಳು ವರ್ಷಕ್ಕೊಮ್ಮೆ ಬರುವ ಭಾರಪರೀಕ್ಷೆ. ಲಿಫ್ಟು ಪಾಸಾದರೆ ಈ ಚಳಿಗಾಲವೂ ನಾನೇ ಅದರ ಮೆಕ್ಯಾನಿಕ್, ನೀನು ಡಿಸೆಂಬರಿಗೆ ಮನೆಗೆ ವಾಪಸ್. ಫೇಲಾದರೆ ಅದು ಗುಜರಿಗೆ, ನಾನು ಸ್ಕೋಕಿಗೆ; ದಾನಿಯಾ ನೋಡಿಟ್ಟಿರುವ, ಕಿಟಕಿ ತೆಗೆದರೆ ಪಾರ್ಕಿಂಗ್ ಲಾಟಿನ ರಮಣೀಯ ದೃಶ್ಯ ಕಾಣುವ ಆ ಅಪಾರ್ಟ್‌ಮೆಂಟಿಗೆ, ಕಾಯಮ್ಮಾಗಿ.

ಗುಜರಿ ಎಂದೆನಲ್ಲ, ಬರೆದು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದೆ. ನಮ್ಮ ಗುಡ್ಡ ಹಿಮಾಲಯವಲ್ಲ ಎಂದು ಒಪ್ಪುತ್ತೇನೆ. ಸುತ್ತಲಿನ ಊರುಗಳು ವರ್ಷಾನುಗಟ್ಟಲೆ ಕಸ ಸುರಿದು ಮಣ್ಣು ಮುಚ್ಚಿದ ದಿಬ್ಬ. ಆದರೆ ಆ ಲಿಫ್ಟು ಪಶ್ಚಿಮದ ನಿಜವಾದ ಪರ್ವತದಲ್ಲಿ ಸೇವೆ ಸಲ್ಲಿಸಿ, ಸೆಕೆಂಡ್‌ಹ್ಯಾಂಡಾಗಿ ಇಲ್ಲಿಗೆ ಬಂದದ್ದು. ನನಗಿಂತ ನಾಲ್ಕು ವರ್ಷ ಚಿಕ್ಕದು. ಅದನ್ನು ಗುಜರಿ ಎನ್ನುವವರು ನನ್ನ ಕಡೆಗೂ ಒಮ್ಮೆ ನೋಡಿ ಅನ್ನಲಿ.

ಆಜ್ಞಾಧಾರಕ (ಪರೀಕ್ಷೆಯವರೆಗೆ ಮಾತ್ರ),
ಇನಾಯತ್


ಸ್ಕೋಕಿ, ಇಲಿನಾಯ್
22 ಸೆಪ್ಟೆಂಬರ್ 2024

ದಾನಿಯಾಳ ಅಬ್ಬಾ ಅವರಿಗೆ,

ಸಲಾಂ. ಖಾಲಿ ಬಿಟ್ಟ ಸಾಲಿನಲ್ಲಿ ‘ಮೊಣಕಾಲು ನೋವು, ಬ್ರೆಡ್ಡು-ಜಾಮ್ ಊಟ’ ಎಂದು ತುಂಬಿದ್ದೇನೆ. ತಪ್ಪಿದ್ದರೆ ತಿಳಿಸಿ.

ನಿಮ್ಮ ಮೊದಲ ಪ್ರೇಮಪತ್ರ ತಲುಪಿತು. ಅದರಲ್ಲಿ ಪ್ರೇಮ ಧಾರಾಳವಾಗಿತ್ತು, ಎಲ್ಲ ಲಿಫ್ಟಿನ ಮೇಲೆ. ದಾನಿಯಾ ಕವರು ನೋಡಿ ‘ಅಮ್ಮಿ, ಈಸ್ ದಿಸ್ ಫ್ರಮ್ ದ ಗವರ್ನ್‌ಮೆಂಟ್?’ ಎಂದಳು. ನಿಮ್ಮ ಅಕ್ಷರ ಅಷ್ಟು ಗಂಭೀರವಾಗಿದೆ.

ಝೈನ್ ಈಗ ಮುಖ ಗುರುತು ಹಿಡಿಯುತ್ತಾನೆ. ನನ್ನ ಮೂಗು ಅವನಿಗೆ ಬಹಳ ಇಷ್ಟ, ಹಿಡಿದರೆ ಬಿಡುವುದಿಲ್ಲ. ಬೆಳಿಗ್ಗೆ ಅವನನ್ನು ಸ್ಟ್ರೋಲರಿನಲ್ಲಿ ಮಲಗಿಸಿಕೊಂಡು ಡೆಂಪ್‌ಸ್ಟರ್ ರಸ್ತೆಯವರೆಗೆ ಹೋಗಿ ಬರುತ್ತೇನೆ. ಹೈದರಾಬಾದಿನ ಒಬ್ಬ ಆಂಟಿ ಪರಿಚಯವಾಗಿದ್ದಾರೆ. ಗಂಡ ಏನು ಮಾಡ್ತಾರೆ ಎಂದು ಕೇಳಿದರು. ಕಸದ ಗುಡ್ಡದ ಮೇಲೆ ಕಬ್ಬಿಣದ ಕಂಬ ಹತ್ತುತ್ತಾರೆ ಎಂದೆ. ಪಾಪ, ಆಮೇಲೆ ಅವರು ನನಗೆ ಒಂದು ಡಬ್ಬಿ ಖೀರು ತಂದುಕೊಟ್ಟರು.

ನೀವು ಇಷ್ಟು ವರ್ಷ ಆ ಯಂತ್ರದ ವಿಷಯ ಹೇಳಿದ್ದೀರಿ, ನಾನು ತರಕಾರಿ ಹೆಚ್ಚುತ್ತ ‘ಹೂಂ’ ಎಂದಿದ್ದೇನೆ. ಈಗ ಕೂಸು ಮಲಗಿರುವಾಗ ಬೇರೆ ಕೆಲಸವಿಲ್ಲದೆ ಯೋಚಿಸಿದೆ. ಬಾವಿಯ ಹಗ್ಗಕ್ಕೆ ಒಂದು ತುದಿ ಕೊಡಕ್ಕೆ, ಇನ್ನೊಂದು ಕೈಗೆ. ನಿಮ್ಮ ಲಿಫ್ಟಿನ ಹಗ್ಗಕ್ಕೆ ತುದಿ ಎಲ್ಲಿದೆ? ಗಂಟು ಹಾಕಿದ್ದರೆ ಅದು ರಾಟೆಯ ಮೇಲೆ ಹೋಗುವಾಗ ತಡೆಯುವುದಿಲ್ಲವೇ? ಅದನ್ನಷ್ಟೇ ಬರೆಯಿರಿ. ಉಳಿದದ್ದು ಬೇಡ.

ದಾನಿಯಾಳ ಅಮ್ಮಿ


ಆಬರ್ನ್ ಹಿಲ್ಸ್
5 ಅಕ್ಟೋಬರ್ 2024

ಮುಸರ್ರತ್,

ನಿನ್ನ ಪ್ರಶ್ನೆ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಮೂವತ್ತಾರು ವರ್ಷ ಈ ಹೆಂಗಸು ನನ್ನಿಂದ ಇದನ್ನು ಮುಚ್ಚಿಟ್ಟಿದ್ದಳೇ! ಡೆಬ್ಬಿಗೆ ಹೇಳಿದೆ. ಡೆಬ್ಬಿ ಯಾರೆಂದು ಗೊತ್ತಲ್ಲ, ಗುಡ್ಡದ ಮ್ಯಾನೇಜರು, ಸದಾ ಚೂಯಿಂಗ್ ಗಮ್ ಅಗಿಯುವ ಹೆಣ್ಣುಮಗಳು. ‘ಇನಾಯತ್, ಕೆಲಸಕ್ಕೆ ನಿನ್ನ ಹೆಂಡತಿಯನ್ನು ತೆಗೆದುಕೊಳ್ಳಬೇಕಿತ್ತು’ ಎಂದಳು.

ಕೇಳು. ಹಗ್ಗಕ್ಕೆ ತುದಿಯೇ ಇಲ್ಲ. ಉಕ್ಕಿನ ಎಳೆಗಳ ಆರು ಜಡೆ, ನಡುವೆ ಒಂದು ತಿರುಳು. ಎರಡೂ ತುದಿಗಳನ್ನು ಉದ್ದಕ್ಕೆ ಬಿಚ್ಚಿ, ಒಂದರ ಜಡೆ ತೆಗೆದ ಜಾಗದಲ್ಲಿ ಇನ್ನೊಂದರ ಜಡೆ ಕೂರಿಸಿ, ಕೊನೆಯ ತುಣುಕನ್ನು ತಿರುಳಿನ ಜಾಗಕ್ಕೆ ತುರುಕುತ್ತಾರೆ. ಗಂಟಿಲ್ಲ, ಬೆಸುಗೆಯಿಲ್ಲ. ಹಗ್ಗ ಬಿಗಿದಷ್ಟೂ ಜಡೆಗಳು ಒಳಗಿನ ತುಣುಕನ್ನು ಬಿಗಿಯಾಗಿ ಅಪ್ಪುತ್ತವೆ. ಕೈಯಾಡಿಸಿದರೂ ಜೋಡಣೆ ಎಲ್ಲೆಂದು ಸುಲಭಕ್ಕೆ ತಿಳಿಯದು.

ಉಳಿದದ್ದು ಬೇಡ ಎಂದಿದ್ದೀಯ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನೀಗ ತರಕಾರಿ ಹೆಚ್ಚುತ್ತಿಲ್ಲ. ಕೆಳಗೆ ಒಂದು ದೊಡ್ಡ ಚಕ್ರ, ಮೇಲೆ ಒಂದು. ನಮ್ಮ ಬಾವಿಯ ಗಡಗಡೆಯ ತಾತ-ಮುತ್ತಾತಂದಿರು ಎಂದುಕೊ. ಕೆಳಗಿನದನ್ನು ಮೋಟಾರು ತಿರುಗಿಸುತ್ತದೆ. ಮೇಲಿನದಕ್ಕೆ ಒಂದು ಮನೆಯಷ್ಟು ಭಾರದ ಕಾಂಕ್ರೀಟಿನ ದಿಮ್ಮಿ ತೂಗುಬಿಟ್ಟಿದ್ದಾರೆ. ಬಿಸಿಲಿಗೆ ಹಗ್ಗ ಹಿಗ್ಗಿದರೆ ದಿಮ್ಮಿ ಕೆಳಗಿಳಿಯುತ್ತದೆ, ಚಳಿಗೆ ಕುಗ್ಗಿದರೆ ಮೇಲೇರುತ್ತದೆ. ಹಗ್ಗ ಮಾತ್ರ ಒಂದೇ ಬಿಗಿಯಲ್ಲಿ ಇರುತ್ತದೆ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ, ಬರೀ ಭಾರ. ಇಷ್ಟು ಸರಳವಾದದ್ದನ್ನು ಈಗಿನವರು ಕಂಡುಹಿಡಿಯಲಾರರು, ನಾಚಿಕೆಪಡುತ್ತಾರೆ.

ಕುರ್ಚಿ ಹಗ್ಗಕ್ಕೆ ಅಂಟಿಕೊಂಡಿರುವುದು ಒಂದು ಉಕ್ಕಿನ ಮುಷ್ಟಿಯಿಂದ. ಹೊಸ ಲಿಫ್ಟುಗಳಲ್ಲಿ ಆ ಮುಷ್ಟಿ ನಿಲ್ದಾಣಕ್ಕೆ ಬಂದಾಗ ಹಗ್ಗ ಬಿಡುತ್ತದೆ, ಜನ ಆರಾಮಾಗಿ ಕೂರುತ್ತಾರೆ. ನಮ್ಮದು ಹಿಡಿದದ್ದನ್ನು ಬಿಡದ ಹಳೆಯ ಕಾಲದ ಮುಷ್ಟಿ. ಆದರೆ ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಹಿಡಿದರೆ ಹಗ್ಗದ ಎಳೆಗಳು ಅಲ್ಲೇ, ಕಣ್ಣಿಗೆ ಕಾಣದಂತೆ, ಮುರಿಯುತ್ತವೆ. ಅದಕ್ಕೇ ಆಗಾಗ ಒಂದೊಂದನ್ನೂ ಸಡಿಲಿಸಿ, ಒಂದಿಷ್ಟು ಮುಂದೆ ಸರಿಸಿ, ಮತ್ತೆ ಬಿಗಿಯಬೇಕು. ಈ ವಾರ ಪೂರ್ತಿ ಅದೇ ಕೆಲಸ ಮಾಡಿದೆ.

ಈಗ ಒಂದು ತೊಂದರೆ. ಪರೀಕ್ಷೆಯ ದಿನ ಮೇಲೇರುವ ಪ್ರತಿ ಕುರ್ಚಿಯಲ್ಲೂ ಇಬ್ಬರು ಮನುಷ್ಯರಷ್ಟು ಭಾರ ಹೇರಬೇಕು. ಅದಕ್ಕೆಂದು ನೀರಿನ ಪೀಪಾಯಿಗಳಿದ್ದವು. ಹೋದ ಚಳಿಗಾಲ ಯಾರೋ ಮಹಾನುಭಾವ ಅವುಗಳ ನೀರು ಖಾಲಿ ಮಾಡಲು ಮರೆತ. ಹೆಪ್ಪುಗಟ್ಟಿ ಹಲವು ಸೀಳಿವೆ. ಏಳೆಂಟು ಕುರ್ಚಿಗಳಿಗೆ ಭಾರವಿಲ್ಲ. ಡೆಬ್ಬಿ ತಲೆ ಕೆರೆದುಕೊಳ್ಳುತ್ತಿದ್ದಾಳೆ.

ಮೊಣಕಾಲು ಚೆನ್ನಾಗಿದೆ. ಬ್ರೆಡ್ಡು-ಜಾಮ್ ನಿಜ.

ನಿನ್ನ,
ಇನಾಯತ್


ಸ್ಕೋಕಿ
13 ಅಕ್ಟೋಬರ್ 2024

ದಾನಿಯಾಳ ಅಬ್ಬಾ ಅವರಿಗೆ,

ಉಕ್ಕಿನ ಹಗ್ಗದ ಜೋಡಣೆಯನ್ನು ನೀವು ಮಹಾ ರಹಸ್ಯದಂತೆ ವರ್ಣಿಸಿದ್ದೀರಿ. ಕೂದಲು ಕಡಿಮೆಯಾದವರು ಜಡೆಗೆ ಚವರಿ ಸೇರಿಸಿ ಹೆಣೆಯುವುದು ಇದೇ. ನನ್ನ ಅಮ್ಮ ಮದುವೆಯ ದಿನ ನನ್ನ ಜಡೆಗೆ ಹೆಣೆದಿದ್ದಳು. ನೀವು ಇಂದಿನವರೆಗೂ ಕಂಡುಹಿಡಿದಿಲ್ಲ. ಇಂಜಿನಿಯರಂತೆ!

ಭಾರಕ್ಕೆ ಇಷ್ಟು ಚಿಂತೆ ಏಕೆ? ನಿಮ್ಮ ಭಾಂಜಾ, ಸೋದರಳಿಯ ನೋಮಾನನ ಅಂಗಡಿಯಲ್ಲಿ ಅಕ್ಕಿ ಮೂಟೆಗಳು ಗೋಡೆಯೆತ್ತರ ಬಿದ್ದಿವೆ. ಕುರ್ಚಿಗೊಂದಿಷ್ಟು ಬಾಸ್ಮತಿ ಕೂರಿಸಿ, ಗುಡ್ಡ ತೋರಿಸಿಕೊಂಡು ಬನ್ನಿ. ತಮಾಷೆಗೆ ಬರೆದೆ. ದಯವಿಟ್ಟು ತಮಾಷೆಯನ್ನು ತಮಾಷೆಯೆಂದೇ ಓದಿಕೊಳ್ಳಿ, ಇಂಜಿನಿಯರಿನಂತೆ ಓದಬೇಡಿ.

ಬ್ರೆಡ್ಡು-ಜಾಮ್ ಒಪ್ಪಿಕೊಂಡು ಮೊಣಕಾಲು ಮಾತ್ರ ಚೆನ್ನಾಗಿದೆ ಎಂದು ಬರೆದಿದ್ದೀರಿ, ನಾನು ನಂಬಿಲ್ಲ.

ಝೈನ್ ಮೊನ್ನೆ ನಕ್ಕ. ನಿದ್ದೆಯಲ್ಲಿ ತಾನಾಗಿ ನಗುವುದಲ್ಲ, ನನ್ನನ್ನು ನೋಡಿ ನಕ್ಕ. ದಾನಿಯಾ ಆಫೀಸಿನಲ್ಲಿದ್ದಳು. ಅವಳಿಗೆ ಹೇಳಲಿಲ್ಲ. ಸಂಜೆ ಅವಳೆದುರು ನಕ್ಕಾಗ ‘ಅಮ್ಮಿ, ಫಸ್ಟ್ ಸ್ಮೈಲ್!’ ಎಂದು ಕುಣಿದಳು. ನಾನೂ ಆಶ್ಚರ್ಯಪಟ್ಟೆ.

ದಾನಿಯಾಳ ಅಮ್ಮಿ


ಆಬರ್ನ್ ಹಿಲ್ಸ್
2 ನವೆಂಬರ್ 2024

ಮಾನ್ಯ ಸಲಹೆಗಾರ್ತಿ,

ಇಂಜಿನಿಯರಿನಂತೆಯೇ ಓದಿದೆ. ಫಲಿತಾಂಶ ಕೆಳಗಿದೆ.

ನೋಮಾನನ ಅಂಗಡಿಗೆ ಹೋಗಿ ಲೆಕ್ಕ ಹೇಳಿದಾಗ ಅವನು ಬಿಲ್ಲಿನ ಮೆಷಿನ್ ಬಿಟ್ಟು ಈಚೆ ಬಂದ. ‘ಮಾಮೂ, ಇಷ್ಟೊಂದ್ ಅಕ್ಕಿ ಯಾಕೆ? ಯಾರ ಮದ್ವೆ ವಲೀಮಾ ಊಟ?’

‘ವಲೀಮಾ ಅಲ್ಲಪ್ಪಾ, ಪರೀಕ್ಷೆ. ಸಂಜೆ ವಾಪಸ್ ಕೊಡ್ತೀನಿ.’

‘ಅಕ್ಕಿಗೆ ಪರೀಕ್ಷೇನಾ?’

‘ಲಿಫ್ಟಿಗೆ. ಅಕ್ಕಿ ಸುಮ್ನೆ ಕೂತ್ಕೊಳ್ಳುತ್ತೆ.’

‘ಮಾಮೂ, ಮುಮಾನಿ ಊರಲ್ಲಿಲ್ಲ ಅಂತ ನೀವು ಏನೇನೋ ಮಾಡ್ತಿದೀರ’ ಎಂದು ಗೊಣಗುತ್ತ, ಪಿಕಪ್‌ಗೆ ತಾನೇ ಹೇರಿದ. ಒಳ್ಳೆಯ ಹುಡುಗ.

ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬರುವ ಜಾತಿ. ಕುರ್ಚಿಗಳಲ್ಲಿ ಸಾಲಾಗಿ ಕುಳಿತ ಬಾಸ್ಮತಿಯನ್ನು ಬಹಳ ಹೊತ್ತು ನೋಡಿದರು. ‘ತೂಕಕ್ಕೆ ಆಧಾರ?’ ಎಂದರು. ಚೀಲದ ಮೇಲೆ ಅಚ್ಚಾದದ್ದನ್ನು ತೋರಿಸಿದೆ. ಅಲ್ಲೇ ಪಕ್ಕದಲ್ಲಿ ನವಿಲಿನ ಚಿತ್ರವೂ ಇತ್ತು. ಎರಡನ್ನೂ ಪರಿಶೀಲಿಸಿ ತಲೆಯಾಡಿಸಿದರು.

ತುಂಬಿದ ಲಿಫ್ಟು ನಿಂತಲ್ಲಿಂದ ಎದ್ದು ಹೊರಟಿತು, ಮುಸರ್ರತ್! ನರಳಲಿಲ್ಲ. ಕಾಂಕ್ರೀಟು ದಿಮ್ಮಿ ಗಂಭೀರವಾಗಿ ಮೇಲೇರಿತು. ಮೊದಲ ಬ್ರೇಕು ಹಾಕಿದರು, ನಿಂತಿತು. ಆಮೇಲೆ ತುರ್ತು ಬ್ರೇಕು. ಅದು ಮೋಟಾರಿನ ಮಾತು ಕೇಳದೆ ನೇರ ದೊಡ್ಡ ಚಕ್ರವನ್ನೇ ಕಚ್ಚುತ್ತದೆ. ಕಚ್ಚಿತು. ಕುರ್ಚಿಗಳೆಲ್ಲ ಉಯ್ಯಾಲೆಯಾದವು. ಒಂದು ಚೀಲ ಕುರ್ಚಿಯ ಯಾವುದೋ ಮೊಳೆಗೆ ಸಿಕ್ಕಿ ಹರಿಯಿತು. ಸರಿಯಾಗಿ ಅದರ ಕೆಳಗೆ ಇನ್‌ಸ್ಪೆಕ್ಟರ್ ನಿಂತಿದ್ದರು. ಬೋಳುತಲೆಯ ಮೇಲೆ ಅಕ್ಷತೆ ಸುರಿಯಿತು. ಹರಿಹರದಲ್ಲಿ ಎಷ್ಟೋ ಮದುವೆ ನೋಡಿದ್ದೇನೆ, ಇಷ್ಟು ಧಾರಾಳವಾಗಿ ಯಾವ ಮದುಮಗನಿಗೂ ಬಿದ್ದದ್ದಿಲ್ಲ.

ಅಷ್ಟರಲ್ಲಿ ಗುಡ್ಡದ ಬುಡದ ಕೆರೆಯಲ್ಲಿದ್ದ ಕೆನಡಾ ಬಾತುಗಳಿಗೆ ಸುದ್ದಿ ಹೋಯಿತು. ಯಾರು ಹೇಳಿದರೋ. ಇಡೀ ಪರಿವಾರ ಸಮೇತ ಬಂದವು. ಲಿಫ್ಟು ಹೊರಟರೆ ಅದರ ಕೆಳಗೇ ಅವೂ ಹೊರಟವು, ನಿಂತರೆ ನಿಂತವು. ಡೆಬ್ಬಿ ಪೊರಕೆ ಹಿಡಿದು ಓಡಿಸಲು ಹೋದಳು. ಅವು ಅವಳನ್ನೇ ಓಡಿಸಿದವು. ಇನ್‌ಸ್ಪೆಕ್ಟರ್ ಕಾಲರಿನಿಂದ ಅಕ್ಕಿ ಕೊಡವಿಕೊಳ್ಳುತ್ತ, ಒಂದು ದೊಡ್ಡ ಬಾತಿನ ಕಣ್ಣಲ್ಲಿ ಕಣ್ಣಿಟ್ಟು, ‘ಇವು ಪ್ರತಿ ಪರೀಕ್ಷೆಗೂ ಹಾಜರಾಗುತ್ತವೆಯೇ?’ ಎಂದು ಕೇಳಿದರು. ಈ ಜನ್ಮದಲ್ಲಿ ಅವರು ಮಾಡಿದ ಒಂದೇ ತಮಾಷೆ ಅದಿರಬೇಕು.

ಕೊನೆಗೆ ಮೋಟಾರು ಬಿಟ್ಟು, ಭಾರಕ್ಕೆ ಕುರ್ಚಿಗಳು ಹಿಮ್ಮುಖವಾಗಿ ಜಾರುತ್ತವೆಯೇ ಎಂದು ನೋಡಿದರು. ಚಕ್ರದ ಹಲ್ಲಿಗೆ ಅಡ್ಡಬೀಳುವ ಉಕ್ಕಿನ ಗೂಟ ಧಡ್ ಎಂದು ಬಿತ್ತು. ಒಂದು ಗೇಣೂ ಜಾರಲಿಲ್ಲ. ಮೇಲಿನ ಕಂಬದ ರಾಟೆಗಳ ತಪಾಸಣೆಯೂ ಆಯಿತು.

ಪಾಸ್. ನೀನು ಸೋತೆ. ಹರಿದ ಚೀಲದ ಅಕ್ಕಿ ಬಾತುಗಳ ಪಾಲು, ಉಳಿದದ್ದು ನೋಮಾನನಿಗೆ ತಲುಪಿದೆ. ಡಿಸೆಂಬರಿನಲ್ಲಿ ಬಾ.

ಇನಾಯತ್


ಸ್ಕೋಕಿ
10 ನವೆಂಬರ್ 2024

ದಾನಿಯಾಳ ಅಬ್ಬಾ ಅವರಿಗೆ,

ಮುಬಾರಕ್. ನಿಮ್ಮ ಪತ್ರ ಓದಿ ನಕ್ಕು ನಕ್ಕು ಕೂಸು ಎದ್ದಿತು. ಈಗ ನನ್ನ ನಗುವಿಗೂ ನಿಷೇಧಾಜ್ಞೆ ಬಂದಿದೆ.

ಒಪ್ಪಂದ ಒಪ್ಪಂದವೇ. ಬರುತ್ತೇನೆ. ಸೂಟ್‌ಕೇಸು ಅಟ್ಟದಿಂದ ಇಳಿಸಿ ಆಯಿತು. ದಾನಿಯಾ ಪಕ್ಕದಲ್ಲಿ ಬಂದು ಕೂತಳು. ನನ್ನ ಶಾಲುಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಮಡಿಸಿ, ಮತ್ತೆ ಬಿಚ್ಚಿ ಇಟ್ಟಳು. ಡೇಕೇರಿನವರ ಹತ್ತಿರ ಮಾತಾಡಿದ್ದಾಳೆ. ‘ಇಟ್ಸ್ ಫೈನ್, ಅಮ್ಮಿ’ ಎನ್ನುತ್ತಾಳೆ. ಅವಳ ‘ಫೈನ್’ ನನಗೆ ಗೊತ್ತು, ನಿಮ್ಮ ‘ಚೆನ್ನಾಗಿದೆ’ಯ ಮಗಳೇ ಅದು. ಝೈನ್‌ಗೆ ಯಾರೂ ಹೇಳಿಲ್ಲ. ಮೂಗು ಹಿಡಿದುಕೊಂಡೇ ಮಲಗುತ್ತಾನೆ.

ಒಂದು ಅನುಮಾನ. ಬಾತುಗಳಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಇನ್‌ಸ್ಪೆಕ್ಟರರ ತಲೆಗೆ ಒಂದು ಪ್ಯಾರಾ. ಮೇಲಿನ ಕಂಬಕ್ಕೆ ಒಂದೇ ಸಾಲು. ಕಂಬ ಹತ್ತಿದ್ದನ್ನು ನೀವು ಒಂದು ಸಾಲಿನಲ್ಲಿ ಮುಗಿಸುವವರಲ್ಲ. ಮಂಜು ಹೇಗಿತ್ತು, ಗಾಳಿ ಯಾವ ಕಡೆಯದು, ಮೇಲಿಂದ ಪಾಂಟಿಯಾಕ್ ಊರು ಕಾಣುತ್ತಿತ್ತೇ, ಎಲ್ಲ ಬರುತ್ತದೆ. ಆ ಕಂಬವನ್ನು ಯಾರು ಹತ್ತಿದರು?

ದಾನಿಯಾಳ ಅಮ್ಮಿ


ಆಬರ್ನ್ ಹಿಲ್ಸ್
16 ನವೆಂಬರ್ 2024

ಮುಸರ್ರತ್,

ಡೆಬ್ಬಿ ಹತ್ತಿದಳು.

ನಾನೂ ಹತ್ತಿದೆ, ಅರ್ಧ. ಬೆಲ್ಟು, ಕೊಕ್ಕೆ ಎಲ್ಲ ಹಾಕಿಕೊಂಡೇ ಇದ್ದೆ, ಗಾಬರಿಯಾಗಬೇಡ. ಅರ್ಧದಲ್ಲಿ ಬಲ ಮೊಣಕಾಲು ‘ಇಲ್ಲಿಗೆ ಸಾಕು ಸಾಹೇಬರೇ’ ಎಂದಿತು. ಮೇಲೆ ಬಾರದು, ಕೆಳಗೂ ಹೋಗದು. ಕಂಬವನ್ನು ಅಪ್ಪಿಕೊಂಡು ನಿಂತೆ. ಕೆಳಗೆ ಇನ್‌ಸ್ಪೆಕ್ಟರ್, ಅವರ ಸುತ್ತ ಬಾತುಗಳು, ಎಲ್ಲ ತಲೆಯೆತ್ತಿ ನೋಡುತ್ತಿದ್ದರು. ಡೆಬ್ಬಿ ಏಣಿ ಹತ್ತಿ ಹಿಂದೆ ಬಂದು, ನನ್ನ ಬೂಟು ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡುತ್ತ ಇಳಿಸಿದಳು. ಇಳಿದ ಮೇಲೆ ಅವಳು ಬಾಯಲ್ಲಿನ ಗಮ್ ತೆಗೆದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿ, ತಾನೇ ಹತ್ತಿದಳು. ಅವಳು ಗಮ್ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಂತ್ರ ಪಾಸಾಯಿತು, ಮೆಕ್ಯಾನಿಕ್ ಫೇಲಾದ. ಒಪ್ಪಂದದಲ್ಲಿ ಇದಕ್ಕೆ ಕಲಮು ಇಲ್ಲ.

ಮರುದಿನ ಡೆಬ್ಬಿ ಕಾಫಿ ಕೊಟ್ಟು ಕೂರಿಸಿದಳು. ಕಂಬಗಳಿಗೆ ಬೇರೆ ಮೆಕ್ಯಾನಿಕ್ ಬರುತ್ತಾನೆ, ನಾನು ಮಾರ್ಚ್‌ವರೆಗೆ ಇದ್ದು ಅವನಿಗೆ ಲಿಫ್ಟಿನ ಸ್ವಭಾವ ಹೇಳಿಕೊಡಬೇಕು. ಜೊತೆಗೆ ಕೆಳಗೊಂದು ಕೆಲಸ. ನಮ್ಮಂಥ ಹಳೆಯ ಲಿಫ್ಟಿನಲ್ಲಿ ಕುರ್ಚಿ ಯಾರಿಗೂ ಕಾಯುವುದಿಲ್ಲ, ಬಂದ ವೇಗದಲ್ಲೇ ಹಿಂದಿನಿಂದ ಬಂದು ಮೊಣಕಾಲ ಹಿಂಬದಿಗೆ ಬಡಿಯುತ್ತದೆ. ಆದ್ದರಿಂದ ಕೆಳಗೊಬ್ಬ ನಿಂತು, ಬರುವ ಪ್ರತಿ ಕುರ್ಚಿಯ ಬೆನ್ನು ಹಿಡಿದು, ಅದರ ರಭಸವನ್ನು ತನ್ನ ತೋಳಿಗೆ ತೆಗೆದುಕೊಂಡು, ಜನ ಮೆಲ್ಲಗೆ ಕೂತ ಮೇಲೆ ಬಿಡಬೇಕು. ದಿನವಿಡೀ ಅದೇ. ಕಾಲೇಜಿಗೆ ಹೋಗುವ ಮಕ್ಕಳು ಮಾಡುವ ಕೆಲಸ. ಬ್ರೇಕಿನ ಹಿರಿಯ ಇಂಜಿನಿಯರಾಗಿ ನಿವೃತ್ತನಾದ ಇನಾಯತ್ ಸಾಹೇಬರು ಇನ್ನು ಮುಂದೆ ಕುರ್ಚಿ ಹಿಡಿಯುತ್ತಾರೆ!

ನಿನ್ನೆ ಖಾಲಿ ಕುರ್ಚಿಗಳ ಮೇಲೆ ಅಭ್ಯಾಸ ಮಾಡಿದೆ. ನಿಜ ಹೇಳಲೇ? ಕೈಗೆ ಇಷ್ಟವಾಯಿತು.

ಆದರೆ ನೀನು ಶಾಲು ಮಡಿಸಬೇಡ. ಗೆದ್ದೆ ಎಂದು ಬರೆದಾಗಲೇ ಗೆದ್ದಂತೆ ಅನಿಸಿರಲಿಲ್ಲ. ಬೇಡವೆಂದರೆ ಡೆಬ್ಬಿಗೆ ಹೇಳಿ ನಾಳೆಯೇ ಹೊರಡುತ್ತೇನೆ. ಪಾರ್ಕಿಂಗ್ ಲಾಟಿನಲ್ಲೂ ನೋಡಲು ಕಾರುಗಳಿರುತ್ತವೆ, ಅವಕ್ಕೆ ಬ್ರೇಕುಗಳಿರುತ್ತವೆ. ತೀರ್ಪು ನಿನ್ನದು.

ನಿನ್ನ,
ಇನಾಯತ್


ಸ್ಕೋಕಿ
20 ನವೆಂಬರ್ 2024

ಇನಾಯತ್ ಸಾಹೇಬರಿಗೆ,

ತೀರ್ಪು ಇಷ್ಟು.

ಬರುವ ಬುಧವಾರ ದಾನಿಯಾ ನಮ್ಮನ್ನು ಡ್ರೈವ್ ಮಾಡಿಕೊಂಡು ಕರೆತರುತ್ತಾಳೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ಅಲ್ಲೇ. ಅವಳಿಗೆ ಕಂಬದ ವಿಷಯ ಓದಿ ಹೇಳಿದೆ. ಅತ್ತಳು, ಆಮೇಲೆ ‘ಬೂಟು ಹಿಡಿದು ಇಳಿಸಿದ್ರಾ?’ ಎಂದು ನಕ್ಕಳು, ಆಮೇಲೆ ಡೆಬ್ಬಿಗೆ ಒಂದು ಶಾಲು ಕೊಡಬೇಕು ಎಂದಳು. ಯಾವುದು ಎಂದು ಇನ್ನೂ ಚರ್ಚೆ ನಡೆಯುತ್ತಿದೆ.

ರಜೆ ಮುಗಿಸಿ ನಾನು ಅವಳ ಜೊತೆ ಸ್ಕೋಕಿಗೇ ವಾಪಸ್ ಬರುತ್ತೇನೆ. ಝೈನ್‌ನ ಮೊದಲ ಚಳಿಗಾಲ ಡೇಕೇರಿನದಾಗುವುದು ಬೇಡ. ನೀವು ಮಾರ್ಚ್‌ವರೆಗೆ ಕುರ್ಚಿ ಹಿಡಿಯಿರಿ, ಹೊಸಬನಿಗೆ ಕಲಿಸಿ, ಆಮೇಲೆ ಮನೆ ಬಾಡಿಗೆಗೆ ಕೊಟ್ಟು ಬನ್ನಿ. ಅಪಾರ್ಟ್‌ಮೆಂಟನ್ನು ನಾನು ಬದಲಾಯಿಸಿದ್ದೇನೆ. ಇದರ ಕಿಟಕಿಯಿಂದ ಪಾರ್ಕಿಂಗ್ ಲಾಟು ಕಾಣುವುದಿಲ್ಲ, ಶಿಕಾಗೋಗೆ ಹೋಗಿಬರುವ ಹಳದಿ ಲೈನಿನ ರೈಲು ಕಾಣುತ್ತದೆ. ಬಹಳ ಸದ್ದು ಎಂದು ದಾನಿಯಾ ಎಚ್ಚರಿಸಿದಳು. ಅದು ಚಿಕ್ಕ ವಿಷಯ ಎಂದೆ. ಬರುವವರ ಗಂಟಲು ಅವಳಿಗೆ ಗೊತ್ತಲ್ಲ.

ಮತ್ತೆ, ಒಂದು ಮಾತು. ಇಷ್ಟು ವರ್ಷ ಸ್ಟವ್ ಮುಂದೆ ನಿಂತು ನಿಮ್ಮ ಲಿಫ್ಟಿನ ಕಥೆ ಕೇಳಿದ್ದೇನೆ, ಒಂದು ಸಲವೂ ಹತ್ತಿಲ್ಲ. ನೀವೂ ಕರೆದಿಲ್ಲ. ಗುರುವಾರ ಬೆಳಿಗ್ಗೆ, ಜನ ಬರುವ ಮುಂಚೆ, ಡೆಬ್ಬಿಗೆ ಹೇಳಿ ಲಿಫ್ಟನ್ನು ನಿಧಾನವಾಗಿ ಓಡಿಸಿ. ದುಪಟ್ಟಾ ಸಿಕ್ಕಿಕೊಳ್ಳದ ಹಾಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೇನೆ. ನನಗೆ ಎತ್ತರಕ್ಕೆ ಭಯ. ಅದನ್ನು ಯಾರಿಗೂ ಹೇಳಬೇಡಿ, ದಾನಿಯಾಳಿಗೂ ಬೇಡ.

ನಾನು ಕೂರುವಾಗ ಕುರ್ಚಿ ಹಿಡಿದುಕೊಳ್ಳಿ.

ಮುಸರ್ರತ್